ಹಳೆಯ ಹಾಯಿದೋಣಿ ಸಾಕಿ ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಂಗ್ಲೆಂಡಿನ ಹವ್ಯಾಸಿ ನಾವಿಕರ ಪರಿಚಯ ಅವರಿಗಿದ್ದಿದ್ದರೆ, “ಹಳೆಯ ಹಾಯಿದೋಣಿ ಸಾಕಿ ನೋಡು” ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ. ನಮ್ಮ ಕರಾವಳಿಯಲ್ಲಿ ದೋಣಿ ಎಂದರೆ ಅನ್ನ. ಅಲ್ಲಿ ಬಹುಮಂದಿಗೆ ಅದು ಭಾನುವಾರದ ಬಿಡುವಿನ ಸಂಗಾತಿ. ಸಂಪಾದನೆಯಿಲ್ಲ, ಖರ್ಚು ಮಾತ್ರ ಉಂಟು. ಆದ್ದರಿಂದಲೇ ಇರಬೇಕು, ಹಳೆಯ ದೋಣಿಯ ಒಡೆಯರ ಬಳಿ ಹಾಸ್ಯಕ್ಕೆ ಬರವಿಲ್ಲ.

ಅವರ ಎರಡು ಚಟಾಕಿಗಳು ಲೋಕಪ್ರಸಿದ್ಧವಾಗಿವೆ. ಮೊದಲನೆಯದು: ದೋಣಿ ಎಂದರೆ ನೀರಿನಲ್ಲಿರುವ ಒಂದು ತೂತು, ಅದರ ಸುತ್ತ ಮರ ಕಟ್ಟಿರುತ್ತಾರೆ, ಒಳಗೆ ಹಣ ಸುರಿಯುತ್ತಿರಬೇಕು. ಎರಡನೆಯದು: ದೋಣಿಯ ಒಡೆಯನ ಬಾಳಿನಲ್ಲಿ ಎರಡೇ ಸಂತೋಷದ ದಿನಗಳು, ಕೊಂಡ ದಿನ ಮತ್ತು ಮಾರಿದ ದಿನ. ಹಳೆಯ ಸ್ಕೂಟರನ್ನು ಓರೆ ಮಾಡಿ, ಒದ್ದು, ಬೇಡಿಕೊಂಡು ಚಾಲೂ ಮಾಡಿದ ಅನುಭವವಿರುವ ವೀಕ್ಷಕರಿಗೆ ಈ ಬಗೆಯ ನಗೆ ಹೊಸದಲ್ಲ. ಆದರೆ ದೋಣಿಯವರ ಹಾಸ್ಯವನ್ನು ಸ್ವಲ್ಪ ಕೆದಕಿದರೆ ಒಳಗೆ ಮರ, ನೀರು, ಲೋಹಗಳ ಪಾಠವೇ ಸಿಗುತ್ತದೆ. ಅದಕ್ಕೆ ಒಂದು ಪುಟ್ಟ ದೋಣಿಯನ್ನೇ ಉದಾಹರಣೆಯಾಗಿ ನೋಡೋಣ.

ಪತ್ರಿಕೆ ಹೆತ್ತ ದೋಣಿ

1963ರಲ್ಲಿ ಬ್ರಿಟನ್ನಿನ ‘ಡೈಲಿ ಮಿರರ್’ ಪತ್ರಿಕೆಯು ಸಾಮಾನ್ಯ ಸಂಸಾರಗಳಿಗೂ ಎಟುಕುವಂಥ ಒಂದು ಹಾಯಿದೋಣಿಯನ್ನು ಪ್ರಚಾರಕ್ಕೆ ತಂದಿತು. ಅದರ ಹೆಸರೂ ‘ಮಿರರ್’. ಉದ್ದ 3.3 ಮೀಟರ್, ಒಡಲಿನ ತೂಕ ಸುಮಾರು 45 ಕಿಲೋ. ಹಾಯಿಯ ಬಣ್ಣ ಪತ್ರಿಕೆಯ ಶೀರ್ಷಿಕೆಯ ಕೆಂಪು. ಇದನ್ನು ರೂಪಿಸಿದವರಲ್ಲಿ ಒಬ್ಬರು ಹೆಸರಾಂತ ದೋಣಿ ವಿನ್ಯಾಸಕಾರ ಜಾಕ್ ಹೋಲ್ಟ್. ಇನ್ನೊಬ್ಬರಾದ ಬ್ಯಾರಿ ಬಕ್ನೆಲ್ ನಮ್ಮ ವೀಕ್ಷಕರಿಗೆ ಹತ್ತಿರದವರು ಎನ್ನಬಹುದು. ಮನೆಯ ದುರಸ್ತಿ ಕೆಲಸಗಳನ್ನು ತಾವೇ ಮಾಡಿಕೊಳ್ಳುವುದು ಹೇಗೆಂದು ಬಿಬಿಸಿ ಟೆಲಿವಿಷನ್ನಿನಲ್ಲಿ ತೋರಿಸಿಕೊಟ್ಟು ಮನೆಮಾತಾದವರು ಅವರು.

ಈ ದೋಣಿ ಕತ್ತರಿಸಿದ ಪ್ಲೈವುಡ್ ಹಲಗೆಗಳ ರೂಪದಲ್ಲಿ ಮನೆಗೆ ಬರುತ್ತಿತ್ತು. ಹಲಗೆಗಳ ಅಂಚಿನಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ದರ್ಜಿ ಬಟ್ಟೆ ಹೊಲಿಯುವಂತೆ ತಾಮ್ರದ ತಂತಿಯಿಂದ ಹೊಲಿದು, ಸಂದಿಗಳ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ರೆಸಿನ್ನಿನಿಂದ ಅಂಟಿಸಿದರೆ ದೋಣಿಯ ಒಡಲು ಸಿದ್ಧ. ದೊಡ್ಡ ಬಡಗಿತನ ಬೇಕಿರಲಿಲ್ಲ; ಮನೆಯ ಗ್ಯಾರೇಜು, ತಾಳ್ಮೆ, ರಜೆಯ ದಿನಗಳು ಸಾಕಾಗಿದ್ದವು. ಹೀಗೆ ಹುಟ್ಟಿದ ಮಿರರ್ ದೋಣಿಗಳ ಕ್ರಮಸಂಖ್ಯೆ ಎಪ್ಪತ್ತು ಸಾವಿರವನ್ನೂ ದಾಟಿತು. ಶ್ರೀಮಂತರ ಸೊತ್ತೆಂದು ಹೆಸರಾಗಿದ್ದ ಹಾಯಿವಿಹಾರ ಗುಮಾಸ್ತರ, ಶಾಲಾ ಮೇಷ್ಟರ ಹಿತ್ತಿಲಿಗೂ ಬಂದಿತು.

ಆರಂಭದ ಆ ದೋಣಿಗಳಿಗೆ ಈಗ ಅರವತ್ತು ದಾಟಿದೆ. ಎಷ್ಟೋ ದೋಣಿಗಳು ಬಹಳ ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗಿಯೇ ಸಿಗುತ್ತವೆ. ಅನುಭವಸ್ಥರು ಎಚ್ಚರಿಸುವುದು ಇಲ್ಲಿಯೇ: ಪುಕ್ಕಟೆ ಸಿಕ್ಕ ದೋಣಿಗಿಂತ ದುಬಾರಿಯಾದದ್ದು ಇನ್ನೊಂದಿಲ್ಲ. ಹೊಸ ಹಾಯಿ, ಹಗ್ಗ, ಬಣ್ಣ, ಸಾಗಿಸುವ ಗಾಡಿ ಎಲ್ಲವೂ ಸೇರಿ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ನೀರಿಗಿಳಿಯದೆ ಕೊಳೆಯುವ ದೋಣಿ

ದೋಣಿ ಹಾಳಾಗುವುದು ಸಮುದ್ರದಲ್ಲಿ ಎಂದು ನಾವು ತಿಳಿಯುತ್ತೇವೆ. ಮರದ ಪುಟ್ಟ ದೋಣಿಗಳು ಹೆಚ್ಚಾಗಿ ಹಾಳಾಗುವುದು ದಡದಲ್ಲಿ, ತೂತುಬಿದ್ದ ಟಾರ್ಪಾಲಿನ ಕೆಳಗೆ. ಮರವನ್ನು ಕುಂಬಾಗಿಸುವುದು ಒಂದು ಜಾತಿಯ ಶಿಲೀಂಧ್ರ. ಮರದಲ್ಲಿ ತೇವಾಂಶ ಸುಮಾರು ಶೇಕಡ 20ನ್ನು ಮೀರಿ, ಜೊತೆಗೆ ಗಾಳಿಯೂ ಹದವಾದ ಬಿಸುಪೂ ದೊರೆತರೆ ಅದು ಬೆಳೆಯುತ್ತದೆ. ಸಮುದ್ರದ ಉಪ್ಪು ಅದಕ್ಕೆ ಒಗ್ಗುವುದಿಲ್ಲ. ಮಳೆಯ ಸಿಹಿನೀರು ಪರಮಾನ್ನ. ಹಾಗಾಗಿ ಹಾಳಾದೀತೆಂದು ಹೆದರಿ ಹಿತ್ತಿಲಲ್ಲಿ ಜೋಪಾನವಾಗಿ ಮುಚ್ಚಿಟ್ಟ ದೋಣಿ ಮೆಲ್ಲನೆ ಅಣಬೆಯ ತೋಟವಾಗುತ್ತದೆ. ವಾರವಾರವೂ ಅಲೆಗೆ ಒಡ್ಡಿ, ಒರೆಸಿ, ಒಣಗಿಸಿದ ದೋಣಿ ಗಟ್ಟಿಯಾಗಿ ಉಳಿಯುತ್ತದೆ. ಪ್ಲೈವುಡ್ಡಿನ ಅಂಚಿಗೆ ನೀರು ಸೇರಿತೆಂದರೆ ಪದರಗಳು ನೆನೆದ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಹಳೆಯ ದೋಣಿ ಕೊಳ್ಳುವವರು ಹೊಳೆಯುವ ಬಣ್ಣಕ್ಕೆ ಮರುಳಾಗದೆ, ಸ್ಕ್ರೂಡ್ರೈವರಿನ ತುದಿಯಿಂದ ಮೂಲೆಗಳನ್ನು ಮೆಲ್ಲನೆ ಒತ್ತಿ ನೋಡುತ್ತಾರೆ. ತುದಿ ಸಲೀಸಾಗಿ ಒಳಗೆ ಹೋದರೆ ನಮಸ್ಕಾರ ಹೇಳಿ ಹಿಂದಿರುಗುವುದು ಜಾಣತನ. ಆದರೆ ಜಾಣತನವೇ ಇದ್ದಿದ್ದರೆ ಹಳೆಯ ದೋಣಿ ನೋಡಲು ಬರುತ್ತಿದ್ದರೇ ಎಂಬುದು ಅವರದೇ ಪ್ರಶ್ನೆ.

ಪ್ಲೈವುಡ್ಡಿಗಿಂತ ಹಿಂದಿನ, ಹಲಗೆ ಜೋಡಿಸಿ ಕಟ್ಟಿದ ದೋಣಿಗಳ ಸ್ವಭಾವ ಇನ್ನೂ ವಿಚಿತ್ರವಾದುದು. ಚಳಿಗಾಲವಿಡೀ ದಡದಲ್ಲಿದ್ದಾಗ ಹಲಗೆಗಳು ಒಣಗಿ ಸಂದು ಬಿಡುತ್ತವೆ. ವಸಂತದಲ್ಲಿ ನೀರಿಗಿಳಿಸಿದೊಡನೆ ದೋಣಿ ಜರಡಿಯಂತೆ ಸೋರುತ್ತದೆ. ಇದಕ್ಕೆ ಮದ್ದು ಇನ್ನಷ್ಟು ನೀರೇ! ಹಲಗೆ ನೀರು ಕುಡಿದು ಉಬ್ಬಿದಾಗ ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಸೋರದಿರಲು ಮೊದಲು ಸೋರಬೇಕು. ಹೊಸಬನೊಬ್ಬ ಮುಳುಗುತ್ತಿರುವ ದೋಣಿಯನ್ನು ಕಂಡು ಬೊಬ್ಬೆ ಹಾಕುವಾಗ, ಅದರ ಒಡೆಯ ದಡದಲ್ಲಿ ಕುಳಿತು ನೆಮ್ಮದಿಯಾಗಿ ಚಹಾ ಕುಡಿಯುತ್ತಿರಬಹುದು. ಸೋರುವ ದೋಣಿಯ ಹಾಸ್ಯಕ್ಕೆ ಸಾಹಿತ್ಯದ ಮನ್ನಣೆಯೂ ದೊರೆತಿದೆ. ಕೆನಡಾದ ಲೇಖಕ ಫಾರ್ಲಿ ಮೋವಟ್, ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೊಂಡ ತಮ್ಮ ದೋಣಿಯ ಪಾಡನ್ನು ಕುರಿತು 1969ರಲ್ಲಿ ಪ್ರಕಟಿಸಿದ ‘ದಿ ಬೋಟ್ ಹೂ ವುಡನ್ಟ್ ಫ್ಲೋಟ್’ ಎಂಬ ಪುಸ್ತಕಕ್ಕೆ, ಮರುವರ್ಷ ಆ ದೇಶದ ಹಾಸ್ಯಸಾಹಿತ್ಯಕ್ಕೆ ಮೀಸಲಾದ ಲೀಕಾಕ್ ಪದಕ ಬಂದಿತು.

ಒಂದು ತಿರುಪಿನ ಪುರಾಣ

ದುರಸ್ತಿಯ ಸರಣಿಯೂ ಸ್ವಾರಸ್ಯಕರವಾದುದೇ. ಬೆಳಿಗ್ಗೆ ಒಂದು ಹಿತ್ತಾಳೆ ತಿರುಪನ್ನು ಬಿಗಿಮಾಡಲು ಹೊರಟಿರೆನ್ನಿ. ಉಪ್ಪುನೀರು ಹಿತ್ತಾಳೆಯಲ್ಲಿರುವ ಸತುವನ್ನು ವರ್ಷಗಟ್ಟಲೆ ಕರಗಿಸಿರುತ್ತದೆ. ಉಳಿದಿರುವುದು ಕೆಂಪಗಿನ, ಪುಡಿಪುಡಿಯಾದ ತಾಮ್ರ. ತಿರುಪಿನ ತಲೆ ಕೈಗೆ ಬರುತ್ತದೆ, ದೇಹ ಮರದಲ್ಲೇ ಉಳಿಯುತ್ತದೆ. ಅದನ್ನು ತೆಗೆಯಹೋದರೆ ಮರ ಸೀಳುತ್ತದೆ. ಮರಕ್ಕೆ ತೇಪೆ ಹಾಕಿದರೆ ವಾರ್ನಿಷ್ ಬೇಕು. ಬಿಸಿಲಿನ ನೇರಳಾತೀತ ಕಿರಣಗಳಿಗೆ ವಾರ್ನಿಷ್ ಒಡೆಯುವುದರಿಂದ ಹಳೆಯದನ್ನು ಉಜ್ಜಿ ತೆಗೆದು, ಒಂದರ ಮೇಲೊಂದರಂತೆ ಹಲವು ಲೇಪನ ಕೊಡಬೇಕು. ಲೇಪನ ಒಣಗಬೇಕಾದ ದಿನವೇ ಮಳೆ. ಒಂದು ತಿರುಪಿನಿಂದ ಆರಂಭವಾದದ್ದು ಬೇಸಿಗೆಯ ಕೊನೆಗೆ ಮುಟ್ಟುತ್ತದೆ.

ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರೆ ಮೂಲದ ದೋಣಿಯೆಂಬುದು ಉಳಿಯಿತೇ? ಅಥೆನ್ಸಿನವರು ಥೀಸಿಯಸ್ ವೀರನ ಹಡಗಿನ ಹಳೆಯ ಹಲಗೆಗಳನ್ನು ತೆಗೆದು ಹೊಸದನ್ನು ಹಾಕುತ್ತಾ ಬಂದಾಗ ತತ್ತ್ವಜ್ಞಾನಿಗಳು ಇದೇ ಪ್ರಶ್ನೆ ಎತ್ತಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಇಂಗ್ಲೆಂಡಿನ ಒಡೆಯನ ಉತ್ತರ ಸರಳ: “ದೋಣಿ ಅದೇ ಸ್ವಾಮಿ, ಒಡಲು, ಕೂವೆಕಂಬ, ಹಾಯಿ ಮಾತ್ರ ಬೇರೆ.”

ನಗು ನಿಲ್ಲಬೇಕಾದ ಜಾಗ

ಆದರೆ ಎಲ್ಲದಕ್ಕೂ ನಗುವಂತಿಲ್ಲ. ಪುಟ್ಟ ಹಾಯಿದೋಣಿ ಮಗುಚುವುದು ಅಪರೂಪವೇನಲ್ಲ. ಮಿರರ್ ದೋಣಿಯ ಬದಿಗಳಲ್ಲೂ ಹಿಂದುಮುಂದಿನಲ್ಲೂ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿವೆ. ಮಗುಚಿದಾಗ ದೋಣಿಯನ್ನು ತೇಲಿಸುವುದು ಅವೇ. ಹಳೆಯ ದೋಣಿಯಲ್ಲಿ ಬಿರಡೆಯ ರಬ್ಬರು ಗಟ್ಟಿಯಾಗಿಯೋ, ಅಂಟು ಬಿಟ್ಟೋ ಈ ಕೋಣೆಗಳಿಗೆ ನೀರು ನುಗ್ಗಬಹುದು. ಹೊರಗಿನಿಂದ ಅದು ಕಾಣುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಟ್ಯೂಬಿನ ಗುಳ್ಳೆ ನೋಡುವಂತೆಯೇ ಇಲ್ಲಿಯೂ ಪರೀಕ್ಷೆಯಿದೆ: ಕೋಣೆಗೆ ಮೆಲ್ಲನೆ ಗಾಳಿಯೂದಿ, ಸಂದಿಗಳಿಗೆ ಸೋಪಿನ ನೀರು ಸವರಿ, ನೊರೆ ಏಳುವ ಜಾಗವನ್ನು ಗುರುತಿಸಬೇಕು. ವಾರ್ನಿಷ್ ಸುಲಿದ ದೋಣಿಯಲ್ಲಿ ಮಕ್ಕಳನ್ನು ಕೂರಿಸಬಹುದು. ಈ ಪರೀಕ್ಷೆ ಮಾಡದ ದೋಣಿಯಲ್ಲಿ, ತೇಲುಜಾಕೀಟಿಲ್ಲದೆ, ಕೂರಿಸಬಾರದು. ಅಲ್ಲಿನ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಈಜು ಬಲ್ಲವನ ಕೈಕಾಲನ್ನೂ ಬೇಗನೆ ಮರಗಟ್ಟಿಸುತ್ತದೆ. ತನ್ನನ್ನು ತಾನು ಗೇಲಿ ಮಾಡಿಕೊಳ್ಳುವ ಒಳ್ಳೆಯ ಒಡೆಯ ಈ ಗೆರೆಯನ್ನು ಚೆನ್ನಾಗಿ ಬಲ್ಲ.

ಹಾಗಾದರೆ ಇಷ್ಟೊಂದು ಪಾಡು ಏಕೆ? ಗಾಜಿನ ನಾರಿನ ದೋಣಿ ಕುಂಬಾಗುವುದಿಲ್ಲ, ಆರೈಕೆಯೂ ಕಡಿಮೆ. ಅದು ಮುದಿಯಾದಾಗ ವಿಲೇವಾರಿ ಮಾಡುವುದು ತಲೆನೋವಾದರೂ, ಅನುಕೂಲ ಬೇಕಾದವರು ಅದನ್ನೇ ಕೊಳ್ಳುತ್ತಾರೆ. ಮರದ ದೋಣಿಯನ್ನು ಬಿಡದವರಿಗೆ ಬೇರೊಂದು ಕಾರಣವಿದೆ. ಅದನ್ನು ಸಾಮಾನ್ಯ ಮನುಷ್ಯರ ಕೈಗಳು ಕಟ್ಟಿದ್ದವು. ಆದ್ದರಿಂದ ಸಾಮಾನ್ಯ ಕೈಗಳು ದುರಸ್ತಿ ಮಾಡಬಲ್ಲವು. ಒಂದು ದೋಣಿ ಬೆಂಕಿಗೆ ಹೋದರೆ ಸುಡುವುದು ನಾಲ್ಕು ಹಲಗೆ ಮಾತ್ರವಲ್ಲ. “ನಾನೂ ಮಾಡಬಲ್ಲೆ” ಎಂಬ ಧೈರ್ಯದ ಗುರುತೂ ಅದರೊಡನೆ ಹೋಗುತ್ತದೆ. ಆ ಧೈರ್ಯ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಎ. ಜೆ. ಮ್ಯಾಕಿನನ್ ಎಂಬ ಉಪಾಧ್ಯಾಯರ ಪ್ರಯಾಣ ಸಾಕ್ಷಿ. 1997ರಲ್ಲಿ ಅವರು ಒಂದು ಹಳೆಯ ಮಿರರ್ ದೋಣಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯ ಕಡೆಯಿಂದ ಹೊರಟು, ನದಿ ಕಾಲುವೆಗಳ ದಾರಿಯಲ್ಲಿ ಯೂರೋಪನ್ನು ಹಾದು, ಕಪ್ಪು ಸಮುದ್ರವನ್ನು ಮುಟ್ಟಿದರು. ದಾರಿಯುದ್ದಕ್ಕೂ ಮುರಿದದ್ದನ್ನು ಸರಿಪಡಿಸುತ್ತ ಹೋದ ಆ ಕಥೆಯೂ ನಗೆಗಡಲೇ.

ನಮ್ಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ದಡ ಸೇರಿದ ದೋಣಿಗಳ ಸುತ್ತ ದುರಸ್ತಿಯ ಸದ್ದು ಕೇಳುತ್ತದೆ. ಇಂಗ್ಲೆಂಡಿನಲ್ಲಿ ಆ ಸದ್ದು ಚಳಿಗಾಲದ್ದು. ಒಂದು ಕಡೆ ಹೊಟ್ಟೆಪಾಡು, ಇನ್ನೊಂದು ಕಡೆ ಹವ್ಯಾಸ. ಉಜ್ಜುವ ಕೈಯ ನೋವು ಮಾತ್ರ ಒಂದೇ. ಆ ನೋವನ್ನು ನಗುತ್ತ ಹೊತ್ತವನ ದೋಣಿ ಮುಂದಿನ ಋತುವಿನಲ್ಲೂ ನೀರಿಗಿಳಿಯುತ್ತದೆ. ಸ್ವಲ್ಪ ಸೋರಬಹುದು, ಅಷ್ಟೆ.