ಪೋಕರ್ ಪುಸ್ತಕವೂ ಹುಣಸೆಬೀಜವೂ

ಪುಣೆ, ಮುಂಬಯಿಗಳ ಕನ್ನಡಿಗರಿಗೆ ಲೋಣಾವಳಾ ಎಂದರೆ ಮಳೆ, ಚಿಕ್ಕಿ ಮತ್ತು ಇಸ್ಪೀಟು. ಮೊದಲೆರಡನ್ನು ಕುರಿತು ಬರೆದವರು ಬಹಳ. ಮೂರನೆಯದು ನಮ್ಮ ಪಾಲಿಗಿರಲಿ. ಆಷಾಢದಲ್ಲಿ ಘಟ್ಟದ ಮಂಜು ಕಿಟಕಿಯೊಳಕ್ಕೇ ನುಗ್ಗುವಾಗ, ಹೊರಗೆ ಕಾಲಿಡಲಾರದೆ ಕುಳಿತ ನಾಲ್ಕು ಕುಟುಂಬಗಳು ಎಷ್ಟು ಹೊತ್ತೆಂದು ಹರಟೆ ಹೊಡೆದಾವು? ರಮ್ಮಿ, ಇಪ್ಪತ್ತೆಂಟು ತಾವಾಗಿಯೇ ಹೊರಬರುತ್ತವೆ. ಈಚೆಗೆ ಹುಡುಗರ ಚೀಲಗಳಿಂದ ಪೋಕರ್ ಪುಸ್ತಕಗಳೂ ಹೊರಬರತೊಡಗಿವೆ.

ಅದನ್ನು ಕಂಡು ಹಿರಿಯರಿಗೆ ದಿಗಿಲು. ದಿಗಿಲಿಗೆ ಕಾರಣವಿಲ್ಲದೆ ಇಲ್ಲ; ಮೊಬೈಲಿನಲ್ಲಿ ಹಣ ಕಟ್ಟಿ ಆಡಿ ತಿಂಗಳ ಸಂಬಳ ಕಳೆದುಕೊಂಡ ಹುಡುಗರು ನಮ್ಮವರಲ್ಲಿಯೂ ಉಂಟು. ಆದರೆ ಪುಸ್ತಕವನ್ನು ಅಟ್ಟಕ್ಕೆಸೆಯುವ ಮೊದಲು ಅದರಲ್ಲೇನಿದೆ ನೋಡಬೇಡವೆ? ಕಳೆದ ಮಳೆಗಾಲದಲ್ಲಿ ನಾವು ಹತ್ತು ಮಂದಿ, ಹಿರಿಯರು ಕಿರಿಯರು ಸೇರಿ, ಅಲ್ಲಿನ ಬಾಡಿಗೆ ಬಂಗಲೆಯೊಂದರಲ್ಲಿ ಎರಡು ದಿನ ಕುಳಿತು ಓದಿದೆವು, ಆಡಿಯೂ ನೋಡಿದೆವು. ಹಣದ ಮಾತೇ ಇಲ್ಲ. ತಲೆಗೆ ಒಂದು ಪೊಟ್ಟಣ ಚಿಕ್ಕಿ ಪ್ರವೇಶಧನ. ಅದಕ್ಕೆ ಪ್ರತಿಯಾಗಿ ನೂರು ಹುಣಸೆಬೀಜ. ಗೆದ್ದವರಿಗೆ ಐದು ಪೊಟ್ಟಣ, ಎರಡನೆಯವರಿಗೆ ಮೂರು, ಮೂರನೆಯವರಿಗೆ ಎರಡು.

ಆಟ ಸರಳ. ಕೈಯಲ್ಲಿ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸಮಾನವಾದ ಐದು ಎಲೆ. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ‘ನೋ ಲಿಮಿಟ್’ ಎಂದರೆ ಸರದಿ ಬಂದಾಗ ಇದ್ದ ಬೀಜವನ್ನೆಲ್ಲ ಒಮ್ಮೆಗೇ ಪಣಕ್ಕಿಡಬಹುದು. ಕೈಗೆ ಬರಬಹುದಾದ ಎರಡೆಲೆಯ ಜೋಡಣೆಗಳು 1,326. ಅವುಗಳಲ್ಲಿ ಎರಡು ಎಕ್ಕಗಳು ಬರುವ ದಾರಿ ಆರೇ, ಅಂದರೆ 221 ಸಲಕ್ಕೊಮ್ಮೆ. ಆದ್ದರಿಂದ ಪುಸ್ತಕದ ಮೊದಲ ಪಾಠವೇ ಎಲೆ ಮಡಿಸಿ ಸುಮ್ಮನೆ ಕೂಡುವುದು. ಹುಡುಗರಿಗೆ ಇದು ಬಲು ಬೇಸರ.

ಈ ವಿದ್ಯೆಯ ಗ್ರಂಥಕರ್ತರಲ್ಲಿ ಡಾಯ್ಲ್ ಬ್ರನ್ಸನ್, ಡೇವಿಡ್ ಸ್ಕ್ಲಾನ್ಸ್ಕಿ ಹೆಸರಾದವರು. ಪಂದ್ಯಾವಳಿಯ ಮಟ್ಟಿಗೆ ನಮಗೆ ಹಿಡಿಸಿದವರು ಡ್ಯಾನ್ ಹ್ಯಾರಿಂಗ್ಟನ್. ಅಮೆರಿಕದ ಈ ವಕೀಲರು 1995ರಲ್ಲಿ ವಿಶ್ವ ಪಂದ್ಯಾವಳಿಯನ್ನು ಗೆದ್ದರು. 2003ರಲ್ಲಿ 839 ಮಂದಿಯ ನಡುವೆ ಮೂರನೆಯವರಾಗಿ, ಮರುವರ್ಷ 2,576 ಮಂದಿಯ ನಡುವೆ ನಾಲ್ಕನೆಯವರಾಗಿ ಬಂದರು. ಬಿಲ್ ರಾಬರ್ಟಿಯವರೊಡನೆ ಬರೆದ ಅವರ ಮೂರು ಸಂಪುಟಗಳು 2004ರಿಂದ 2006ರವರೆಗೆ ಹೊರಬಂದವು. ಈಗ ಗಣಕಯಂತ್ರಗಳು ಈ ಆಟವನ್ನು ಇನ್ನೂ ಆಳವಾಗಿ ಶೋಧಿಸಿವೆ, ಹ್ಯಾರಿಂಗ್ಟನ್ನರ ಕೆಲವು ಸಲಹೆಗಳು ಹಳೆಯವಾಗಿವೆ. ತಳಹದಿ ಮಾತ್ರ ಕದಲಿಲ್ಲ.

ಆ ತಳಹದಿ ನಮ್ಮ ಚಿಕ್ಕಿಯಿಂದಲೇ ತಿಳಿಯಿತು. ಕೊನೆಗೆ ಗೆದ್ದವರ ಮುಂದೆ ಸಾವಿರ ಬೀಜವೂ ಬಂದು ಸೇರುತ್ತದೆ. ನೂರಕ್ಕೆ ಒಂದು ಪೊಟ್ಟಣವಾದರೆ ಹತ್ತು ಸಿಕ್ಕಬೇಕು, ಸಿಕ್ಕುವುದು ಐದೇ! ಅಂದಮೇಲೆ ಬೀಜ ಇಮ್ಮಡಿಯಾದರೆ ಅದರ ಬೆಲೆ ಇಮ್ಮಡಿಯಾಗುವುದಿಲ್ಲ. ಇದ್ದ ನೂರನ್ನು ಕಳೆದುಕೊಂಡರೆ ಮಾತ್ರ ಪೂರ್ತಿ ಶೂನ್ಯ. ಗಳಿಸುವ ಬೀಜಕ್ಕಿಂತ ಕಳೆಯುವ ಬೀಜ ತುಟ್ಟಿ. ಇನ್ನೊಬ್ಬರು ಪಣ ಏರಿಸಿದಾಗ ಅದಕ್ಕೆ ಒಪ್ಪಲು, ತಾವೇ ಮೊದಲು ಏರಿಸಲು ಬೇಕಾದುದಕ್ಕಿಂತ ಒಳ್ಳೆಯ ಎಲೆ ಬೇಕೆಂದು ಸ್ಕ್ಲಾನ್ಸ್ಕಿ ಹೇಳುವುದಕ್ಕೆ ಇದು ಇನ್ನಷ್ಟು ಬಲ ಕೊಡುತ್ತದೆ.

ಎರಡನೆಯ ಲೆಕ್ಕ ಹ್ಯಾರಿಂಗ್ಟನ್ನರ ‘ಎಮ್’. ಪ್ರತಿ ಸುತ್ತಿನಲ್ಲಿಯೂ ಕಡ್ಡಾಯವಾಗಿ ತೆರಬೇಕಾದ ಪಣವುಂಟು. ಹೊತ್ತು ಕಳೆದಂತೆ ಅದು ಏರುತ್ತದೆ. ಕಡ್ಡಾಯದ ಪಣಗಳು 10 ಮತ್ತು 20 ಆಗಿರುವಾಗ ನಿಮ್ಮಲ್ಲಿ 150 ಬೀಜವಿದ್ದರೆ, 150ನ್ನು 30ರಿಂದ ಭಾಗಿಸಿ: ಐದು. ಸುಮ್ಮನೆ ಕುಳಿತರೆ ಐದೇ ಸುತ್ತಿನ ಆಯುಸ್ಸು. ಇಪ್ಪತ್ತರ ಮೇಲಿದ್ದಾಗ ನಿಧಾನವಾಗಿ ಆಡಬಹುದು; ಐದಕ್ಕಿಳಿದರೆ ಎಲೆ ಮಡಿಸಬೇಕು, ಇಲ್ಲವೆ ಇದ್ದುದೆಲ್ಲವನ್ನೂ ಇಡಬೇಕು, ನಡುವಿನ ದಾರಿಯಿಲ್ಲ. ಹುಡುಗರಿಗಿಂತ ಮೊದಲು ಇದನ್ನು ಹಿಡಿದವರು ಅತ್ತೆಯವರೊಬ್ಬರು. “ಪೆನ್ಶನ್ನು ಅಷ್ಟೇ, ಬಾಡಿಗೆ ಮಾತ್ರ ವರ್ಷವರ್ಷ ಏರ್ತದೆ, ಹಂಗೇ ಅಲ್ಲೇನ್ರಿ?” ಎಂದರು. ಅಂದು ಐದು ಪೊಟ್ಟಣ ಅವರ ಪಾಲಾಯಿತು.

ಅಕ್ಷಹೃದಯವನ್ನು ಋತುಪರ್ಣನಿಂದ ಕಲಿತ ಮೇಲೆ ತಾನೆ ನಳನು ಪುಷ್ಕರನಿಂದ ರಾಜ್ಯವನ್ನು ಮರಳಿ ಗೆದ್ದದ್ದು? ಹುಡುಗರು ಈ ಕಥೆಯನ್ನು ನಮ್ಮ ಮೇಲೆಯೇ ತಿರುಗಿಸಿದರು. ಸರಿಯೇ, ಆದರೆ ಎರಡು ಎಕ್ಕಗಳೂ ಎರಡು ರಾಜರ ಎದುರು ಹೆಚ್ಚುಕಡಿಮೆ ಐದರಲ್ಲೊಂದು ಸಲ ಸೋಲುತ್ತವೆ. ದೊಡ್ಡ ಪಂದ್ಯಾವಳಿಗಳಲ್ಲಿ ಬಹುಮಾನ ಮುಟ್ಟುವವರು ನೂರಕ್ಕೆ ಹತ್ತು ಹದಿನೈದು ಮಂದಿ. ಉಳಿದವರ ಪ್ರವೇಶಧನ ಹೋದಂತೆಯೇ. ಚೆನ್ನಾಗಿ ಕಲಿತವನೂ ತಿಂಗಳುಗಟ್ಟಲೆ ಬರಿಗೈಯಲ್ಲಿ ಮನೆಗೆ ಬರುವುದುಂಟು. ಆ ತಿಂಗಳುಗಳ ದಿನಸಿಯ ಪಟ್ಟಿ ಯಾವ ಸಂಪುಟದಲ್ಲಿಯೂ ಇಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡೋಣ. ಕೌಶಲದ ಆಟವಾಗಿ ಪೋಕರ್ ಆಡಲು ಕ್ಲಬ್ಬುಗಳಿಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಗುಜರಾತಿನ ಹೈಕೋರ್ಟು 2017ರಲ್ಲಿ ಅದನ್ನು ಜೂಜೆಂದೇ ಎಣಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೂ, ಕೌಶಲವಿರಲಿ ಅದೃಷ್ಟವಿರಲಿ, ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸಿದೆ. ಪುಸ್ತಕ ಓದುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮನೆಯಲ್ಲಿ ಓದಬಯಸುವವರು ಹ್ಯಾರಿಂಗ್ಟನ್ನರ ಮೊದಲೆರಡು ಸಂಪುಟ ಮುಗಿಸಿ ಮೂರನೆಯದಕ್ಕೆ ಬರಲಿ. ಅದು ಅಭ್ಯಾಸಕ್ಕೆಂದೇ ಬರೆದ ಸಮಸ್ಯೆಗಳ ಪುಸ್ತಕ. ಅದಕ್ಕೆ ಹುಣಸೆಬೀಜವೂ ಬೇಡ, ಒಂದು ಪೆನ್ಸಿಲು ಸಾಕು.