ಫಾರ್ಮ್ಯಾಟ್ ಮಾಡುವ ಮುನ್ನ

ನಮ್ಮ ಚಾಚಾ ಅವರ ಅಂಗಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಇದೆ. ಒಂದು ದಿನ ಅದು ಶುರುವಾಗಲಿಲ್ಲ. 'ಪಿಸಿಐ ಡಾಟ್ ಸಿಸ್' ಎಂಬ ಫೈಲ್ ಇಲ್ಲ ಅಥವಾ ಕೆಟ್ಟಿದೆ ಎಂದು ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ನೋಡಿದವರೆಲ್ಲ "ಫಾರ್ಮ್ಯಾಟ್ ಮಾಡಿಬಿಡಿ" ಎಂದರು. ಆದರೆ ಅಂಗಡಿಯ ಟ್ಯಾಲಿ ಲೆಕ್ಕ, ಗಿರಾಕಿಗಳ ಬಾಕಿ ಎಲ್ಲವೂ ಅದರಲ್ಲೇ ಇತ್ತು. ಬ್ಯಾಕಪ್ ಇರಲಿಲ್ಲ.

ಡ್ರೈವರ್ ಎಂದರೆ ವಿಂಡೋಸ್‌ಗೂ ಯಂತ್ರದ ಭಾಗಗಳಿಗೂ ನಡುವೆ ಇರುವ ದುಭಾಷಿ. ಕೆಲವು ಡ್ರೈವರ್‌ಗಳಿಲ್ಲದೆ ವಿಂಡೋಸ್ ಶುರುವೇ ಆಗುವುದಿಲ್ಲ. ಕೆಲಸದ ನಡುವೆ ಕರೆಂಟ್ ಹೋದರೆ, ಹಾರ್ಡ್ ಡಿಸ್ಕ್ ಸವೆದರೆ, ವೈರಸ್ ಬಂದರೆ ಈ ಫೈಲ್‌ಗಳು ಹಾಳಾಗಬಹುದು. ಹಾಗೆಂದು ನಮ್ಮ ಲೆಕ್ಕದ ಫೈಲ್‌ಗಳೂ ಹೋದವು ಎಂದಲ್ಲ.

ಇಂಥ ಸಮಯದಲ್ಲಿ ಮಾಡಬೇಕಾದದ್ದು ಇಷ್ಟು:

1. ಪರದೆಯ ಸಂದೇಶವನ್ನು ಪೂರ್ತಿ ಓದಿ, ಫೈಲ್ ಹೆಸರು ಬರೆದುಕೊಳ್ಳಿ.

2. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಮುಖ್ಯ ಫೋಲ್ಡರ್‌ಗಳನ್ನು ಮೊದಲು ಕಾಪಿ ಮಾಡಿ. ಗೊತ್ತಿಲ್ಲದಿದ್ದರೆ ಬಲ್ಲವರಿಂದ ಮಾಡಿಸಿ.

3. ಎಕ್ಸ್‌ಪಿ ಸಿಡಿಯಿಂದ ಕಂಪ್ಯೂಟರ್ ಶುರು ಮಾಡಿ, ಮೊದಲ ಪರದೆಯಲ್ಲಿ 'ಆರ್' ಒತ್ತಿ. ರಿಕವರಿ ಕನ್ಸೋಲ್ ತೆರೆಯುತ್ತದೆ. ಅಲ್ಲಿ 'ಚೆಕ್‌ಡಿಸ್ಕ್' ಕಮಾಂಡ್‌ನಿಂದ ಡಿಸ್ಕ್ ಪರೀಕ್ಷಿಸಿ.

4. ಸಿಡಿಯ 'ಐ386' ಫೋಲ್ಡರಿನಲ್ಲಿ ಇಂಥ ಫೈಲ್‌ಗಳು ಹೆಚ್ಚಾಗಿ ಕುಗ್ಗಿಸಿದ ರೂಪದಲ್ಲಿರುತ್ತವೆ; ಹೆಸರಿನ ಕೊನೆಯ ಅಕ್ಷರದ ಬದಲು ಅಡಿಗೆರೆ ಇರುತ್ತದೆ. 'ಎಕ್ಸ್‌ಪಾಂಡ್' ಕಮಾಂಡ್‌ನಿಂದ ಅದನ್ನು ಬಿಡಿಸಿ, ವಿಂಡೋಸ್‌ನ 'ಸಿಸ್ಟಮ್32' ಒಳಗಿನ 'ಡ್ರೈವರ್ಸ್' ಫೋಲ್ಡರಿಗೆ ಹಾಕಿ.

'ಎಫ್8' ಒತ್ತಿ 'ಲಾಸ್ಟ್ ನೋನ್ ಗುಡ್' ಆರಿಸಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಅದು ಹಳೆಯ ಸೆಟ್ಟಿಂಗ್ ಅನ್ನು ಮಾತ್ರ ತರುತ್ತದೆ, ಕಳೆದುಹೋದ ಫೈಲನ್ನು ತರುವುದಿಲ್ಲ. ವಿಂಡೋಸ್ 7 ಇದ್ದರೆ ಅದರ ಡಿವಿಡಿಯಲ್ಲಿ 'ಸ್ಟಾರ್ಟಪ್ ರಿಪೇರ್' ಇದೆ. ಮೊದಲು ಅದನ್ನು ಪ್ರಯತ್ನಿಸಿ.

ಸರಿಪಡಿಸಿದ ಮೇಲೂ ಇದೇ ತೊಂದರೆ ಮತ್ತೆ ಮತ್ತೆ ಬಂದರೆ ಹಾರ್ಡ್ ಡಿಸ್ಕ್ ಬದಲಿಸುವುದೇ ಒಳ್ಳೆಯದು. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಆದ್ದರಿಂದ ಅವುಗಳಲ್ಲಿ ನೆಟ್ ಬ್ಯಾಂಕಿಂಗ್ ಬೇಡ.

ಚಾಚಾ ಅವರ ಲೆಕ್ಕ ಪೂರ್ತಿ ಸಿಕ್ಕಿತು. ಈಗ ಪ್ರತಿ ಗುರುವಾರ ರಾತ್ರಿ ಅಂಗಡಿ ಮುಚ್ಚುವ ಮೊದಲು ಅವರೇ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯುತ್ತಾರೆ. ವ್ಯವಹಾರದಲ್ಲಿ ಲೆಕ್ಕದ ಪುಸ್ತಕವನ್ನು ಜೋಪಾನ ಮಾಡಬೇಕೆಂದು ನಾವು ತರಗತಿಯಲ್ಲಿ ಕಲಿಯುತ್ತೇವೆ. ಈಗ ಆ ಪುಸ್ತಕ ಕಂಪ್ಯೂಟರಿನೊಳಗೆ ಇದೆ, ಅಷ್ಟೇ ವ್ಯತ್ಯಾಸ.