ಉಪ್ಪಿನ ಋಣದ ಊರು – ಅಂಕೋಲೆ

ಪುಣೆ, ಸಾಸವಡಗಳಂಥ ಒಳನಾಡಿನ ಊರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಕಡಲು ದೂರದ ಮಾತು. ಕರ್ಹಾ ನದಿಯ ದಂಡೆಯ ಮೇಲಿರುವ ಸಾಸವಡದ ಸುತ್ತ ಕಣ್ಣಿಗೆ ಬೀಳುವುದು ಗುಡ್ಡಗಳು, ಅಂಜೂರ ಮತ್ತು ಸೀತಾಫಲದ ತೋಟಗಳು, ದೂರದಲ್ಲಿ ಪುರಂದರ ದುರ್ಗದ ನೆತ್ತಿ. ಆದರೂ ಪ್ರತಿಯೊಂದು ಮನೆಯ ಅಡುಗೆಯಲ್ಲಿ ಕಡಲಿನ ಒಂದಂಶ ಇದ್ದೇ ಇರುತ್ತದೆ. ಅದು ಉಪ್ಪು. ಹಬ್ಬದ ಊಟದಲ್ಲಿ ಬಾಳೆಲೆಯ ತುದಿಗೆ ಮೊದಲು ಬಡಿಸುವುದು ಅದನ್ನೇ. ಆ ಚಿಟಿಕೆ ಉಪ್ಪಿನ ಹಕ್ಕಿಗಾಗಿ ಒಂದು ಕಾಲದಲ್ಲಿ ಕಾನೂನನ್ನು ಎದುರಿಸಿ, ಆ ಬಳಿಕ ಹೊಲಮನೆಗಳನ್ನೂ ಪಣಕ್ಕೊಡ್ಡಿದ ಜನರ ಊರೊಂದು ಕನ್ನಡ ಕರಾವಳಿಯಲ್ಲಿದೆ. ಅದುವೇ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ.

ಕಾರವಾರದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ ಅಂಕೋಲೆಯು ಚಿಕ್ಕ ಪಟ್ಟಣ, ತಾಲೂಕಿನ ಮುಖ್ಯ ಸ್ಥಳ. ಪಡುವಣದಲ್ಲಿ ಅರಬ್ಬಿ ಸಮುದ್ರ, ಮೂಡಣದಲ್ಲಿ ಸಹ್ಯಾದ್ರಿಯ ಕಾಡು, ದಕ್ಷಿಣದಲ್ಲಿ ಗಂಗಾವಳಿ ನದಿ. ಇವುಗಳ ನಡುವಿನ ಕಿರಿದಾದ ನೆಲದಲ್ಲಿ ನಾಡವರು, ಹಾಲಕ್ಕಿ ಒಕ್ಕಲಿಗರು, ಹರಿಕಂತ್ರರು, ಖಾರ್ವಿಗಳು, ಆಗೇರರು, ಕೊಂಕಣಿ ಮಾತಿನ ವರ್ತಕರು ಹೀಗೆ ಹಲವು ಸಮುದಾಯಗಳ ಜನ ತಲೆತಲಾಂತರದಿಂದ ಕೂಡಿ ಬಾಳಿದ್ದಾರೆ. ಒಬ್ಬರು ಭತ್ತ ಬೆಳೆದರೆ ಇನ್ನೊಬ್ಬರು ಬಲೆ ಬೀಸುವರು; ಉಪ್ಪು ತೆಗೆಯುವುದು ಆಗೇರರ ಪರಂಪರೆಯ ಕಸುಬು. ವೈಶಾಖದ ಬಂಡಿಹಬ್ಬದಲ್ಲಿ ಊರೆಲ್ಲ ಒಂದಾಗುತ್ತದೆ. ಇಲ್ಲಿಯ ಕರಿ ಈಶಾಡ ಮಾವಿನ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಆದರೆ ಈ ಊರಿನ ಹೆಸರು ನಾಡಿನ ಇತಿಹಾಸದಲ್ಲಿ ಉಳಿದಿರುವುದು ಮಾವಿನ ಸಿಹಿಯಿಂದಲ್ಲ, ಉಪ್ಪಿನಿಂದ.

ಭರತದ ನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಒಣಗಲು ಬಿಟ್ಟು, ತಳದಲ್ಲಿ ಹೆಪ್ಪುಗಟ್ಟಿದ ಹರಳುಗಳನ್ನು ಒಟ್ಟುಗೂಡಿಸಿದರೆ ಉಪ್ಪಾಯಿತು. ಸಮುದ್ರ ಪ್ರಕೃತಿಯ ಕೊಡುಗೆ, ಬಿಸಿಲು ಪ್ರಕೃತಿಯ ಕೊಡುಗೆ. ಮನುಷ್ಯನದು ದುಡಿಮೆ ಮಾತ್ರ. ಬ್ರಿಟಿಷ್ ಸರಕಾರ ಇದರ ಮೇಲೆಯೂ ತನ್ನ ಹಿಡಿತ ಸ್ಥಾಪಿಸಿ ಕರ ವಿಧಿಸಿತ್ತು. ಕಡಲ ಪಕ್ಕದಲ್ಲಿಯೇ ಹುಟ್ಟಿ ಬೆಳೆದವನು ತನ್ನ ಗಂಜಿಗೆ ಬೇಕಾದ ಉಪ್ಪನ್ನು ತಾನೇ ತೆಗೆದುಕೊಂಡರೆ ಅಪರಾಧಿಯಾಗುತ್ತಿದ್ದನು. 1930ರ ಏಪ್ರಿಲ್ 6ರಂದು ಗಾಂಧೀಜಿಯವರು ದಂಡಿಯಲ್ಲಿ ಈ ಕಾನೂನನ್ನು ಮುರಿದರು. ಒಂದು ವಾರ ಕಳೆದು ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನರೂ ಮುರಿದರು. ಅಂದು ತಯಾರಾದ ಉಪ್ಪನ್ನು ಹರಾಜು ಹಾಕಿದಾಗ ಮೊದಲ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗಳಿಗೆ ಕೊಂಡರು. ಆ ಕಾಲದ 30 ರೂಪಾಯಿ ಸಾಮಾನ್ಯ ಕುಟುಂಬಕ್ಕೆ ಹಲವು ದಿನಗಳ ಅನ್ನ. ಕೊಂಡದ್ದು ಉಪ್ಪಾದರೂ ಬೆಲೆ ಕಟ್ಟಿದ್ದು ಸ್ವಾಭಿಮಾನಕ್ಕೆ.

ಉಪ್ಪಿನಿಂದ ಮೊದಲಾದ ಹೋರಾಟ ಕರನಿರಾಕರಣೆಗೆ ಮುಂದುವರಿಯಿತು. ಸಿದ್ದಾಪುರ ಹಾಗೂ ಅಂಕೋಲೆ ತಾಲೂಕುಗಳ ರೈತರು ಭೂಕಂದಾಯ ಕೊಡಲು ನಿರಾಕರಿಸಿದರು. ಸೂರ್ವೆಯಂಥ ಹಳ್ಳಿಗಳಲ್ಲಿ ಗಂಡಸರು ಸೆರೆಮನೆಗೆ ಹೋದರು; ಜಮೀನು ಜಪ್ತಿಯಾಯಿತು; ದನಕರು, ಪಾತ್ರೆಪಗಡಗಳು ಹರಾಜಿಗೆ ಬಂದವು. ಉಳಿದ ಹೆಂಗಸರು, ಮಕ್ಕಳು ನೆಂಟರಿಷ್ಟರ ಆಸರೆಯಲ್ಲಿ ದಿನ ನೂಕಿದರು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಬಿರುದು ಬಂದದ್ದು ಇಂಥ ಮನೆಗಳ ಒಲೆ ಆರಿದ್ದರಿಂದ ಎಂಬುದನ್ನು ಮರೆಯಲಾಗದು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದ ತರುವಾಯ ಕಳೆದುಹೋದ ಜಮೀನುಗಳನ್ನು ಮರಳಿಸುವ ಏರ್ಪಾಡಾಯಿತು. ಆದರೆ ಆ ವರ್ಷಗಳನ್ನು ಯಾವ ಕಾಯಿದೆಯೂ ಮರಳಿಸಲಾರದು.

ಈ ಕಡಲೂರಿಗೂ ಪುಣೆಗೂ ಹಳೆಯದೊಂದು ನಂಟುಂಟು. 1862ರಿಂದ 1956ರವರೆಗೆ ಉತ್ತರ ಕನ್ನಡವು ಮುಂಬಯಿ ಆಡಳಿತದಲ್ಲಿತ್ತು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿ ಬಾಳನ್ನು ಸವೆಸಿದವರು ಅಂಕೋಲೆಯ ಚುಟುಕು ಕವಿ ದಿನಕರ ದೇಸಾಯಿ (1909–1982). ಗೇಣಿ ರೈತರನ್ನು ಸಂಘಟಿಸಿದರೆಂಬ ಕಾರಣಕ್ಕೆ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಲಾಗಿತ್ತು. ಸ್ವಂತ ಊರಿಗೆ ಕಾಲಿಡದಂತೆ ತಡೆಯಲ್ಪಟ್ಟ ಅದೇ ವ್ಯಕ್ತಿ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಕಟ್ಟಿ, ಬಡವರ ಮಕ್ಕಳಿಗೆ ಶಾಲೆಗಳ ಬಾಗಿಲು ತೆರೆದರು. ಗೋಖಲೆಯವರ ಜನ್ಮಶತಾಬ್ದಿಯ 1966ರಲ್ಲಿ ಅಂಕೋಲೆಯಲ್ಲಿ ಆರಂಭವಾದ ಕಾಲೇಜಿಗೆ ಆ ಹಿರಿಯರ ಹೆಸರನ್ನೇ ಇಡಲಾಯಿತು. ಪುಣೆಯಲ್ಲಿ ಹೊತ್ತಿಸಿದ ದೀಪ ಹೀಗೆ ಕಡಲತಡಿಯಲ್ಲಿ ಬೆಳಗಿತು.

ಅಕ್ಷರ ಕಲಿಯದವರೂ ಈ ಊರಿಗೆ ಅಷ್ಟೇ ಬೆಳಕಾದರು. ಬಡಿಗೇರಿಯ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡರು ನೂರಾರು ಹಾಡುಗಳನ್ನು ನೆನಪಿನಲ್ಲಿಯೇ ಕಾಪಾಡಿಕೊಂಡು ಬಂದವರು. ಸಾರಾಯಿ ತಮ್ಮ ಸಮಾಜದ ಆರೋಗ್ಯವನ್ನೂ ಸಂಸಾರಗಳನ್ನೂ ತಿಂದುಹಾಕುವುದನ್ನು ಕಂಡು ಹೆಂಗಸರನ್ನು ಕೂಡಿಸಿ ಅದರ ವಿರುದ್ಧ ನಿಂತರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು ಅಸಂಖ್ಯ ಗಿಡಗಳನ್ನು ಮರವಾಗಿಸಿದರು. ಇಬ್ಬರಿಗೂ ಪದ್ಮಶ್ರೀ ಗೌರವ ಸಂದಿತು. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಎರಡು ತಿಂಗಳ ಅಂತರದಲ್ಲಿ ಅಂಕೋಲೆ ತನ್ನ ಇಬ್ಬರು ತಾಯಂದಿರನ್ನು ಕಳೆದುಕೊಂಡಿತು.

ನಾಡಿಗೆ ಇಷ್ಟು ಕೊಟ್ಟ ನೆಲದಿಂದ ಕೇಳುವುದು ಇನ್ನೂ ಮುಗಿದಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ದೇಶರಕ್ಷಣೆಯ ಹೆಸರಿನಲ್ಲಿ ಗದ್ದೆ, ತೆಂಗು, ತೀರಗಳನ್ನು ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ಹಲವರು ದಶಕಗಟ್ಟಲೆ ಕಾಯಬೇಕಾಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಹಲವರು ಮಣ್ಣಿನಡಿಯಲ್ಲಿಯೂ ಗಂಗಾವಳಿಯಲ್ಲಿಯೂ ಪ್ರಾಣ ತೆತ್ತರು. ಕೇಣಿಯಲ್ಲಿ ದೊಡ್ಡ ವಾಣಿಜ್ಯ ಬಂದರು ಕಟ್ಟುವ ಯೋಜನೆ ಬಂದಾಗ 2025ರಲ್ಲಿ ಮೀನುಗಾರ ಕುಟುಂಬಗಳು ಬೀದಿಗಿಳಿದು ಪ್ರತಿಭಟಿಸಿದವು. ಬಂದರಿನಿಂದ ಉದ್ಯೋಗ ಬರುವುದೆಂಬ ಮಾತು ಸುಳ್ಳಲ್ಲದಿರಬಹುದು. ಆದರೆ ದೋಣಿ ಎಳೆಯುವ ಮರಳದಂಡೆ ಹೋದ ಮೇಲೆ ಬಲೆಯವನು ಎಲ್ಲಿಗೆ ಹೋಗಬೇಕು? ಕಡಲಿನ ಮೇಲೆ ಕಡಲ ಮಕ್ಕಳಿಗಿರುವ ಹಕ್ಕೆಷ್ಟು ಎಂಬ 1930ರ ಪ್ರಶ್ನೆಯೇ ಬೇರೆ ವೇಷದಲ್ಲಿ ಮರಳಿ ಬಂದಂತಿದೆ. ಆಗ ಎದುರಿಗಿದ್ದುದು ಪರಕೀಯ ಸರಕಾರ. ಈಗ ಕೇಳುವವರೂ ನಮ್ಮವರೇ, ಕೊಡುವವರೂ ನಮ್ಮವರೇ. ಆದುದರಿಂದಲೇ ಅವರ ಮಾತನ್ನು ತಾಳ್ಮೆಯಿಂದ ಆಲಿಸುವ ಹೊಣೆ ಇಂದು ಹೆಚ್ಚಿನದು.

ಆರೋಗ್ಯದ ದೃಷ್ಟಿಯಿಂದಲೂ ಉಪ್ಪು ಒಂದು ಪಾಠ ಹೇಳುತ್ತದೆ. ಉಪ್ಪಿಗಾಗಿ ದೇಶವನ್ನೇ ಎಬ್ಬಿಸಿದ ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ಸ್ವತಃ ಉಪ್ಪು ತೊರೆದು ವರ್ಷಗಟ್ಟಲೆ ಇದ್ದವರು. ಅವರು ಬೇಡಿದ್ದು ಬಡವನ ಹಕ್ಕನ್ನೇ ಹೊರತು ನಾಲಿಗೆಯ ರುಚಿಯನ್ನಲ್ಲ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹದ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಿತಿ ಮೀರಿದರೆ ರಕ್ತದೊತ್ತಡ ಏರಿ ಹೃದಯ, ಮೂತ್ರಪಿಂಡಗಳಿಗೆ ಹಾನಿ ತಪ್ಪದು. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿ ಅಡಗಿರುವ ಉಪ್ಪನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಇನ್ನೊಂದು ತಪ್ಪು ತಿಳುವಳಿಕೆಯುಂಟು: ಸಮುದ್ರದ ಉಪ್ಪೆಂದ ಮಾತ್ರಕ್ಕೆ ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಗಳಗಂಡ ಮತ್ತು ಮಕ್ಕಳ ಬುದ್ಧಿಮಾಂದ್ಯವನ್ನು ತಡೆಯಲು ಅಯೋಡಿನ್ ಬೆರೆಸಿದ ಉಪ್ಪನ್ನೇ, ಮಿತವಾಗಿ, ಬಳಸುವುದು ಕ್ಷೇಮ.

ಉಪ್ಪುಂಡ ಮನೆಗೆ ಎರಡೆಣಿಸಬಾರದೆಂಬುದು ಹಿರಿಯರ ನುಡಿ. ಕಡಲಿನಿಂದ ದೂರವಿರುವ ಕನ್ನಡಿಗರು ನಾಳೆ ಎಲೆಯ ತುದಿಗೆ ಉಪ್ಪು ಬಡಿಸುವಾಗ ಅಂಕೋಲೆಯನ್ನೊಮ್ಮೆ ನೆನೆಯಲಿ. ರಜೆಯಲ್ಲಿ ಗೋಕರ್ಣಕ್ಕೆ ಹೋಗುವವರು ದಾರಿಯಲ್ಲಿ ಅಲ್ಲಿಯೂ ಇಳಿಯಲಿ. ಮಕ್ಕಳಿಗೆ ಆ ತೀರವನ್ನು ತೋರಿಸಿ ಕಥೆ ಹೇಳಲಿ. ಋಣ ತೀರದಿದ್ದರೂ ಋಣವಿದೆಯೆಂಬ ಅರಿವು ಉಳಿದರೆ ಅದೂ ದೊಡ್ಡದು.